ಪ್ರಶ್ನೆ ಕೇಳದವರ ನಡುವೆ ಗಲೀನಾ ಪೆತ್ರೋವ್ನಾ

ಮೂವತ್ತೇಳನೇ ವಯಸ್ಸಿಗೆ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ನಗಲಿ. ಹನ್ನೊಂದು ವರ್ಷ ನಾನು ಮಾಡಿದ ಕೆಲಸ ಇಷ್ಟು: ಇಲಿಯ ಹೃದಯದಿಂದ ಸ್ನಾಯುವಿನ ಒಂದು ಸಣ್ಣ ಎಳೆ ಬಿಡಿಸುವುದು, ಅದನ್ನು ಬೆಚ್ಚಗಿನ ಉಪ್ಪುನೀರಿನ ಗಾಜಿನ ಬಟ್ಟಲಲ್ಲಿ ಕಟ್ಟುವುದು, ಅದು ಎಷ್ಟು ಬಲವಾಗಿ ಮಿಡಿಯುತ್ತದೆ ಎಂದು ಅಳೆಯುವುದು. ಕೊನೆಕೊನೆಗೆ ಇಲಿಯ ಪಂಜರದ ಹತ್ತಿರ ಹೋದರೆ ಉಬ್ಬಸ ಬರತೊಡಗಿತು. ಆಸ್ಟಿನ್‌ನ ಡಾಕ್ಟರು, "ಇಲಿ, ಶ್ವಾಸಕೋಶ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ" ಎಂದರು. 2008ರ ಮೇ ತಿಂಗಳಲ್ಲಿ ಶ್ವಾಸಕೋಶವನ್ನು ಆರಿಸಿಕೊಂಡೆ.

ಟೆಕ್ಸಸ್‌ಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಈಗಲೂ ಫೋನ್ ಮಾಡುತ್ತಾರೆ. "ಅಕ್ಕಾ, ಒಂದು ಲ್ಯಾಬ್‌ನಲ್ಲಿ ಜಾಗ ಇದೆಯಂತೆ. ಆದ್ರೆ ಪೂರ್ತಿ ರಷ್ಯನ್ನರೇ ಅಂತೆ. ಸೇರ್ಲಾ ಬೇಡ್ವಾ?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತೆಂಬುದು ಇದರಲ್ಲಿ ಇಲ್ಲ. ಹೇಳಿಕೊಳ್ಳುವಂಥದ್ದು ಸಿಗಲೂ ಇಲ್ಲ. ತಾರೀಖುಗಳೆಲ್ಲ ನನ್ನ ಡೈರಿಯವು. ಹೈಸ್ಕೂಲಿನಿಂದ ಒಂದು ದಿನವೂ ತಪ್ಪಿಸದೆ ಬರೆದಿದ್ದೇನೆ. ಉಬ್ಬಸಕ್ಕಿಂತ ಇದು ಹಳೆಯ ಕಾಯಿಲೆ ಎಂಬುದು ನನ್ನ ಗಂಡ ಸುರೇಶನ ಅಭಿಪ್ರಾಯ.

ಮೊದಲು ಒಂದು ತಿದ್ದುಪಡಿ. ಡಲ್ಲಾಸ್‌ನ ನಮ್ಮ ಲ್ಯಾಬಿನಲ್ಲಿದ್ದ ಇಬ್ಬರು 'ರಷ್ಯನ್ನ'ರಲ್ಲಿ ಒಬ್ಬರೂ ರಷ್ಯಾದವರಲ್ಲ. ಬೋರಿಸ್ ಮಿನ್ಸ್ಕ್‌ನವರು. ಗಲೀನಾ ಪೆತ್ರೋವ್ನಾ ತಾಷ್ಕೆಂಟಿನವರು. ಮಾತು ರಷ್ಯನ್, ಅಷ್ಟೆ. ಹೈದರಾಬಾದಿನವರನ್ನೂ ಮೈಸೂರಿನವರನ್ನೂ 'ಮದ್ರಾಸಿ' ಎನ್ನುವವರ ಮೇಲೆ ನಮಗೆ ಬರುವ ಸಿಟ್ಟು ಅವರಿಗೂ ಬರುತ್ತಿತ್ತು. ವ್ಯತ್ಯಾಸ ಏನೆಂದರೆ ನಾವು ನಕ್ಕು ಸುಮ್ಮನಾಗುತ್ತೇವೆ, ಅವರು ಬೋರ್ಡಿನ ಮೇಲೆ ನಕ್ಷೆ ಬರೆಯುತ್ತಾರೆ.

ನಾನು ಸೇರಿದ್ದು 1997ರ ಆಗಸ್ಟ್ 18, ಸೋಮವಾರ. ಬಾಸ್ ಡಾಕ್ಟರ್ ಕೋಲ್ ಟೆಕ್ಸಸ್‌ನವರೇ. ಸದಾ ನಗುಮುಖ. ಯಾರಿಗೂ 'ಇಲ್ಲ' ಎನ್ನದ ಮನುಷ್ಯ, ಆದ್ದರಿಂದ ಯಾವ ಕೆಲಸ ಆಗುತ್ತದೆ ಯಾವುದು ಆಗುವುದಿಲ್ಲ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊದಲ ದಿನ ನನ್ನನ್ನು ಬೋರಿಸ್ ಕೈಗೆ ಒಪ್ಪಿಸಿ ಹೋದರು. ಬೋರಿಸ್‌ಗೆ ಆಗ ಐವತ್ತು. ಮಿಡಿತ ಅಳೆಯುವ ಯಂತ್ರವನ್ನು ಅವರೇ ಕಟ್ಟಿದ್ದರು, ಯಾರೋ ಬಿಸಾಡಿದ್ದ ಮೈಕ್ರೋವೇವ್‌ನ ಪೆಟ್ಟಿಗೆಯೊಳಗೆ. ಉದ್ದ ಕಾಗದದ ಸುರುಳಿಯ ಮೇಲೆ ಪೆನ್ನು ಗೀಚುತ್ತಿತ್ತು, ಮಿಡಿತದ ಎತ್ತರವನ್ನು ನಾನು ಸ್ಕೇಲ್ ಹಿಡಿದು ಅಳೆಯುತ್ತಿದ್ದೆ. ಮುಂದಿನ ವರ್ಷ ಕೋಲ್ ಇದಕ್ಕೆಂದೇ ಒಂದು ಕಂಪ್ಯೂಟರ್ ತರಿಸಿದರು. ಬೋರಿಸ್ ಅದನ್ನು ಡಬ್ಬದಿಂದ ತೆಗೆಯಲೇ ಇಲ್ಲ.

"ಯಾಕೆ ಬೋರಿಸ್?"

"ಒಳಗೆ ಏನಿದೆ ಅಂತ ಕಾಣಲ್ಲ. ಕಾಣದ್ದನ್ನು ನಂಬೋಕೆ ನಾನು ಪಾದ್ರಿಯಲ್ಲ."

ನಾಲ್ಕು ತಿಂಗಳು ಆ ಡಬ್ಬದ ಮೇಲೆ ಕಾಫಿ ಮಷೀನ್ ಇತ್ತು. ಆಮೇಲೆ ಸುರಕ್ಷತೆ ಇಲಾಖೆಯ ಹೆಂಗಸೊಬ್ಬರು ತಪಾಸಣೆಗೆ ಬಂದರು. ಬೋರಿಸ್‌ನ ಪೆಟ್ಟಿಗೆಯ ಮುಂದೆ ನಿಂತು, "ಇದನ್ನು ತಯಾರಿಸಿದವರು ಯಾರು?" ಎಂದರು.

"ನಾನು."

"ಇದರ ಕೈಪಿಡಿ ಎಲ್ಲಿದೆ?"

ಬೋರಿಸ್ ತಮ್ಮ ಹಣೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಆ ಹೆಂಗಸು ಪೆಟ್ಟಿಗೆಗೆ ಕೆಂಪು ಚೀಟಿ ಅಂಟಿಸಿ ಹೋದರು. ಮೂರು ವಾರ ಕೆಲಸ ನಿಂತಿತು. ಕೊನೆಗೆ ಬೋರಿಸ್ ಹೊಸ ಕಂಪ್ಯೂಟರನ್ನು ತೆಗೆದರು, ಮೊದಲು ಸ್ಕ್ರೂಡ್ರೈವರ್‌ನಿಂದ ಬಿಚ್ಚಿ ಒಳಗೆಲ್ಲ ನೋಡಿದರು, ವಾರಂಟಿಯನ್ನು ಕಳೆದರು, ಮತ್ತೆ ಮುಚ್ಚಿ ಸ್ವಿಚ್ ಹಾಕಿದರು. ಅದು ಸರಿಯಾಗಿಯೇ ಕೆಲಸ ಮಾಡಿತು. "ಚೆನ್ನಾಗಿದೆ" ಎಂದರು, ಸಾವಿನ ಸುದ್ದಿ ತಿಳಿಸುವವರ ಹಾಗೆ.

ಇಷ್ಟಕ್ಕೇ ಸಿಟ್ಟು ಬರುವವರು ಈ ಕೆಲಸಕ್ಕೆ ಬರಬೇಡಿ. ಏಕೆಂದರೆ ಗಲೀನಾ ಪೆತ್ರೋವ್ನಾ ಇನ್ನೂ ಬಂದಿಲ್ಲ.

ಅವರು ಬಂದದ್ದು 1999ರ ಜನವರಿಯಲ್ಲಿ, ಹದಿನಾಲ್ಕು ವರ್ಷದ ಮಗಳು ಆನ್ಯಾ ಜೊತೆ. ತಾಷ್ಕೆಂಟಿನಲ್ಲಿ ಇಪ್ಪತ್ತು ವರ್ಷ ಹೃದಯದ ಮೇಲೆ ಕೆಲಸ ಮಾಡಿದವರು. ಇಲ್ಲಿ ಅವರ ಹುದ್ದೆ ನನ್ನದಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ. ಹಿಡಿಯಿಲ್ಲದ ಬಟ್ಟಲಲ್ಲಿ ಹಾಲಿಲ್ಲದ ಚಹಾ ಕುಡಿಯುತ್ತಿದ್ದರು. ಮೊದಲ ದಿನವೇ ನನ್ನ ಹೆಸರು ಕೇಳಿದರು. ವಿದ್ಯಾ ಎಂದೆ.

"ತಂದೆಯ ಹೆಸರು?"

"ಶ್ರೀಧರ್. ಯಾಕೆ?"

"ಹಾಗಾದರೆ ನೀವು ವಿದ್ಯಾ ಶ್ರೀಧರೋವ್ನಾ."

ತಂದೆಯ ಹೆಸರು ಸೇರಿಸದೆ ಬರೀ ಹೆಸರು ಹಿಡಿದು ಕರೆಯುವುದು ಮಕ್ಕಳನ್ನು, ಬೆಕ್ಕುಗಳನ್ನು ಎಂಬುದು ಅವರ ನಿಯಮ. ಡಾಕ್ಟರ್ ಕೋಲ್ ಮಾತ್ರ ಅವರನ್ನು 'ಗ್ಯಾಲ್', ಅಂದರೆ ಹುಡುಗಿ, ಎನ್ನುತ್ತಿದ್ದರು. ಪ್ರತಿ ಸಲವೂ ಗಲೀನಾರ ಮುಖ ಹುಳಿ ಮಜ್ಜಿಗೆ ಕುಡಿದ ಹಾಗೆ ಆಗುತ್ತಿತ್ತು.

ನಮ್ಮಲ್ಲಿ ಶುಕ್ರವಾರ ಮಧ್ಯಾಹ್ನ ಒಬ್ಬೊಬ್ಬರು ತಮ್ಮ ಕೆಲಸದ ಬಗ್ಗೆ ಹೇಳುವ ಪದ್ಧತಿ ಇತ್ತು. ಗಲೀನಾ ಬರುವ ಮುಂಚೆ ಅದು ಪಿಜ್ಜಾ ತಿನ್ನುವ ಪದ್ಧತಿ. ಅವರು ಬಂದ ಮೂರನೇ ಶುಕ್ರವಾರ ನನ್ನ ಸರದಿ. ಮೊದಲ ಸ್ಲೈಡ್ ಹಾಕಿದೆ, ಅದರಲ್ಲಿ ಇದ್ದದ್ದು ಶೀರ್ಷಿಕೆ ಮಾತ್ರ. ಗಲೀನಾ ಕೈ ಎತ್ತಿದರು. "ಶೀರ್ಷಿಕೆಯಲ್ಲಿ 'ಪರಿಣಾಮ' ಅಂತ ಇದೆ. ಪರಿಣಾಮ ಅಂತ ಹೇಗೆ ಗೊತ್ತು? ಕಾಕತಾಳೀಯ ಇರಬಹುದಲ್ಲ?" ಆ ದಿನ ನಾನು ನಾಲ್ಕನೇ ಸ್ಲೈಡ್ ದಾಟಲಿಲ್ಲ. ಡೈರಿಯಲ್ಲಿ ಹೀಗೆ ಬರೆದಿದ್ದೇನೆ: ಸ್ಲೈಡ್ 4, ಅಡ್ಡಪ್ರಶ್ನೆ 31, ಅದರಲ್ಲಿ ಗಲೀನಾ 22, ಬೋರಿಸ್ 9, ಉಳಿದವರು ಸೊನ್ನೆ. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ವಾಪಸ್ ಬಂದರೆ ನನ್ನ ಮೇಜಿನ ಮೇಲೆ ಒಂದು ಬಟ್ಟಲು ಚಹಾ.

"ಒಳ್ಳೆ ಕೆಲಸ, ವಿದ್ಯಾ ಶ್ರೀಧರೋವ್ನಾ. ತುಂಬಾ ಪ್ರಶ್ನೆ ಕೇಳೋ ಹಾಗಿತ್ತು" ಎಂದರು ಗಲೀನಾ.

"ನನ್ನ ಮಾನ ಹರಾಜು ಹಾಕಿಬಿಟ್ರಲ್ಲ!"

"ನಮ್ಮ ಕಡೆ ಪ್ರಶ್ನೆ ಕೇಳದೆ ಬಿಡೋದು ಸತ್ತವರನ್ನು ಮಾತ್ರ."

ಇದು ಅವರ ಕಡೆಯ ಮರ್ಯಾದೆ. ಎರಡು ಗಂಟೆ ನಿಮ್ಮನ್ನು ಹರಿದು ತಿಂದರೆ ನಿಮ್ಮ ಕೆಲಸಕ್ಕೆ ಬೆಲೆ ಕೊಟ್ಟರು ಎಂದರ್ಥ. ಟೆಕ್ಸಸ್‌ನ ಮರ್ಯಾದೆ ತದ್ವಿರುದ್ಧ. ಇಲ್ಲಿ 'ವಂಡರ್‌ಫುಲ್' ಎಂದು ಕೈ ಕುಲುಕುತ್ತಾರೆ, ಹೊರಗೆ ಹೋಗಿ 'ಆಗಲ್ಲ' ಎಂದು ಈಮೇಲ್ ಬರೆಯುತ್ತಾರೆ. ಈ ಎರಡರ ನಡುವೆ ಸಿಕ್ಕಿ ಒದ್ದಾಡಿದ್ದು ಮೈಸೂರಿನ ನಾನು. ನಮಗೆ ಮುಖಕ್ಕೆ ಹೇಳುವ ಅಭ್ಯಾಸವೂ ಇಲ್ಲ, ಈಮೇಲ್ ಬರೆಯುವ ಧೈರ್ಯವೂ ಇಲ್ಲ.

2000ನೇ ಇಸವಿಯ ಅಕ್ಟೋಬರ್‌ನಲ್ಲಿ ಹೊರಗಿನ ದೊಡ್ಡ ವಿಜ್ಞಾನಿಯೊಬ್ಬರು ಭಾಷಣಕ್ಕೆ ಬಂದರು. ಕೋಲ್ ಅವರ ಮುಂದಿನ ಅನುದಾನದ ಸಮಿತಿಯಲ್ಲಿ ಇದ್ದವರು. ಮುಂಚಿನ ದಿನ ನಾನು ಗಲೀನಾರ ಕಾಲಿಗೆ ಬೀಳುವುದೊಂದು ಬಾಕಿ. "ದಯವಿಟ್ಟು ಕೊನೆಯವರೆಗೆ ಕಾಯಿರಿ. ಒಂದೇ ಪ್ರಶ್ನೆ. ನಗ್ತಾ ಕೇಳಿ." ಅವರು ಮಾತು ಕೊಟ್ಟರು, ಉಳಿಸಿಕೊಂಡರು ಕೂಡ. ಕೊನೆಯವರೆಗೆ ಕಾದರು, ನಕ್ಕರು, ಒಂದೇ ಪ್ರಶ್ನೆ ಕೇಳಿದರು: "ಎರಡನೇ ಸ್ಲೈಡ್‌ನಲ್ಲಿ ನೀವು ಹೇಳಿದ್ದು ತಪ್ಪು. ಹಾಗಾದರೆ ಆಮೇಲಿನ ಇಪ್ಪತ್ತೆಂಟು ಸ್ಲೈಡ್ ಯಾಕೆ ತೋರಿಸಿದಿರಿ?"

ಕೋಲ್ ಅವರ ನಗು ಅವತ್ತು ಮೊದಲ ಬಾರಿ ಹೋಯಿತು. ಅನುದಾನ ಮುಂದುವರಿಯಲಿಲ್ಲ. ಕಾರಣ ಇದೇ ಎಂದು ಯಾರೂ ಹೇಳಲಿಲ್ಲ. ಇಲ್ಲಿ ಯಾವುದನ್ನೂ ಯಾರೂ ಹೇಳುವುದಿಲ್ಲ.

ಲ್ಯಾಬ್ 2002ರ ಜೂನ್‌ಗೆ ಮುಚ್ಚುವುದು ನಿಶ್ಚಯವಾಯಿತು. ಬೋರಿಸ್‌ಗೆ ಗ್ರೀನ್ ಕಾರ್ಡ್ ಇತ್ತು. ಕ್ಯಾರಲ್ಟನ್‌ನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿ ಅವರನ್ನು ಕರೆದುಕೊಂಡಿತು. ಕೆಲಸ ಹೋದರೂ ನನಗೆ ಸುರೇಶನ ವೀಸಾದ ನೆರಳಿತ್ತು. ಗಲೀನಾರ ವೀಸಾ ಮಾತ್ರ ಕೆಲಸಕ್ಕೆ ಗಂಟುಹಾಕಿದ್ದು. ಬೇಸಿಗೆಯೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಆನ್ಯಾಗೆ ಆಗ ಹೈಸ್ಕೂಲಿನ ಕೊನೆಯ ವರ್ಷ, ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ತಾಯಿ ಇಲ್ಲಿ ಇದ್ದರೆ ಮಗಳಿಗೆ ಆಸ್ಟಿನ್, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳ. ಆ ಹುಡುಗಿ ಆಸ್ಟಿನ್‌ನ ನಕ್ಷೆಯನ್ನು ಲ್ಯಾಬಿನ ಫ್ರಿಜ್ ಮೇಲೆ ಅಂಟಿಸಿದ್ದಳು.

ಹ್ಯೂಸ್ಟನ್‌ನ ಒಂದು ಸಂಸ್ಥೆ ಗಲೀನಾರನ್ನು ಸಂದರ್ಶನಕ್ಕೆ ಕರೆಯಿತು. ಮಾರ್ಚ್ 8, ಶುಕ್ರವಾರ, ನಲವತ್ತು ನಿಮಿಷದ ಭಾಷಣ. ಗಲೀನಾ ಡ್ರೈವ್ ಮಾಡುತ್ತಿರಲಿಲ್ಲ, ಆದ್ದರಿಂದ ನಾನು ಹೊರಟೆ. ಅವರ ಕಡೆ ಮಾರ್ಚ್ 8 ಹೆಂಗಸರ ಹಬ್ಬವಂತೆ. ಬೋರಿಸ್ ಮುಂಚಿನ ದಿನವೇ ಹೂವು ತಂದರು. ಗಲೀನಾ ಎಣಿಸಿ ನೋಡಿದರು, ಆರು ಇತ್ತು. ಸಮಸಂಖ್ಯೆಯ ಹೂವು ಹೆಣಕ್ಕೆ ಎಂದು ಬೈದು, ಒಂದನ್ನು ಕಿತ್ತು ನನ್ನ ಕೈಗಿಟ್ಟರು.

ಗುರುವಾರ ರಾತ್ರಿಯ ಊಟ, ಮಲಗುವುದು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ಪದ್ಮಾ ಆಂಟಿಯ ಮನೆಯಲ್ಲಿ. ಕನ್ನಡ ಸಂಘದ ಪರಿಚಯ, ಮೂಲ ಧಾರವಾಡ. ಅವರ ಗಂಡ ಶಿವಪ್ಪ ಅಂಕಲ್ ತೈಲ ಕಂಪನಿಯ ಎಂಜಿನಿಯರ್. ತಾಷ್ಕೆಂಟ್ ಎಂದ ಕೂಡಲೇ ಅಂಕಲ್ ಎದ್ದು ನಿಂತರು. "ನಮ್ಮ ಪ್ರಧಾನಿ ತೀರಿಕೊಂಡ ಊರಲ್ಲೇನ್ರಿ ಅದು!" ಗಲೀನಾ ಗಂಭೀರವಾಗಿ ತಲೆತಗ್ಗಿಸಿ, ತಾನು ಆಗ ಶಾಲೆಯಲ್ಲಿದ್ದೆ, ಊರಿಗೆ ಊರೇ ದುಃಖಪಟ್ಟಿತ್ತು ಎಂದರು. ಆಮೇಲೆ ಅಂಕಲ್ ಅವರ ಪಕ್ಷ.

ರೊಟ್ಟಿ, ಎಣಗಾಯಿ ಆದ ಮೇಲೆ ಗೋಡೆಯ ಮೇಲೆ ಸ್ಲೈಡ್ ಬಿಟ್ಟು ಅಭ್ಯಾಸ ಮಾಡಿಸಿದೆ. ವಿಷಯ ಹೀಗೆ: ಒಂದು ಔಷಧಿ ಹಾಕಿದರೆ ಸೋತ ಹೃದಯದ ಎಳೆ ಬಲವಾಗಿ ಮಿಡಿಯುತ್ತದೆ. ತೊಡಕೂ ಒಂದಿತ್ತು. ಬೆಚ್ಚಗಿಟ್ಟರೆ ಔಷಧಿ ಕೆಡುತ್ತದೆ, ಆದ್ದರಿಂದ ಐಸ್ ಮೇಲೆ ಇಟ್ಟು ಹಾಕುತ್ತಿದ್ದೆವು. ಬರೀ ತಣ್ಣಗಾದರೂ ಸಾಕು, ಹೃದಯದ ಎಳೆ ಬಲವಾಗಿ ಮಿಡಿಯುತ್ತದೆ. ಹಾಗಾದರೆ ಬಲ ಬಂದದ್ದು ಔಷಧಿಯಿಂದಲೋ ಚಳಿಯಿಂದಲೋ? ಔಷಧಿ ಇಲ್ಲದ ತಣ್ಣನೆಯ ನೀರು ಹಾಕಿಯೂ ನೋಡಿದ್ದೆವು, ಆದರೆ ನಾಲ್ಕು ಎಳೆಗಳಲ್ಲಿ ಮಾತ್ರ. ಗಲೀನಾಗೆ ಅದು ಸಾಲದು ಎಂಬ ಕೊರಗು.

"ಆ ಸ್ಲೈಡ್ ಕೊನೇಲಿ ಇರ್ಲಿ," ಎಂದೆ. "ಯಾರಾದರೂ ಕೇಳಿದರೆ 'ದಟ್ಸ್ ಎ ಗ್ರೇಟ್ ಕ್ವೆಶ್ಚನ್' ಅನ್ನಿ, ನಗಿ, ಆಮೇಲೆ ತೋರಿಸಿ. ಕೇಳದಿದ್ದರೆ ಥ್ಯಾಂಕ್ಯೂ ಹೇಳಿ ಇಳಿದುಬಿಡಿ."

"ಕೇಳದೆ ಇರ್ತಾರಾ?"

"ನೀವು 'ಗ್ರೇಟ್ ಕ್ವೆಶ್ಚನ್' ಹೇಳೋದು ಕಲೀರಿ ಮೊದಲು."

ಅವರು ಔಷಧಿ ನುಂಗುವವರ ಹಾಗೆ ಅದನ್ನು ಹೇಳಿ ಹೇಳಿ ಕಲಿತರು. ಶಿವಪ್ಪ ಅಂಕಲ್ ಕೊನೆಗೆ ಚಪ್ಪಾಳೆ ತಟ್ಟಿ, "ವೆರಿ ನೈಸ್, ವೆರಿ ನೈಸ್" ಎಂದರು. ಗಲೀನಾ ಅವರ ಕಡೆ ತಿರುಗಿ, "ಯಾವ ಸ್ಲೈಡ್ ನೈಸ್?" ಎಂದರು. ಅಂಕಲ್ ಕಕ್ಕಾಬಿಕ್ಕಿ.

"ಅದಕ್ಕ ಹೇಳ್ತೀನ್ರಿ ನಾ, ತಿಳೀದಲ್ಲೆ ತಲಿ ಆಡಿಸಬ್ಯಾಡ್ರಿ ಅಂತ," ಎಂದರು ಪದ್ಮಾ ಆಂಟಿ. ಆಮೇಲೆ ನನ್ನ ಕಿವಿಯಲ್ಲಿ, "ಏನವಾ ವಿದ್ಯಾ, ಇಕಿ ನಾಳೆ ಸುಮ್ಮನ ಇರ್ತಾಳೋ ಇಲ್ಲೋ? ಕಣ್ಣು ನೋಡಿದ್ರ ಇರೂ ಹಂಗ ಕಾಣೂದಿಲ್ಲ."

"ಇರ್ತಾರೆ ಆಂಟಿ. ಮಗಳ ವಿಷಯ ಅಲ್ವಾ?"

ಬೆಳಿಗ್ಗೆ ಆಂಟಿ ಗಲೀನಾರ ಕೈಗೆ ಮೊಸರು ಸಕ್ಕರೆ ಹಾಕಿ ಕಳಿಸಿದರು.

ಭಾಷಣ ಚೆನ್ನಾಗಿ ನಡೆಯಿತು. ನಾನು ಕೊನೆಯ ಸಾಲಿನಲ್ಲಿ ಕೂತು ಬೆವರುತ್ತಿದ್ದೆ. ಸುಮಾರು ನಲವತ್ತು ಜನ, ಕೈಯಲ್ಲಿ ಸ್ಯಾಂಡ್‌ವಿಚ್, ಮುಖದಲ್ಲಿ ನಗು. ಯಾರೂ ಅಡ್ಡ ಬರಲಿಲ್ಲ. ಮುಗಿಯಿತು, ಚಪ್ಪಾಳೆ. ವಿಭಾಗದ ಮುಖ್ಯಸ್ಥರು, "ವಂಡರ್‌ಫುಲ್! ಪ್ರಶ್ನೆಗಳಿವೆಯೇ?" ಎಂದರು. ಇರಲಿಲ್ಲ. ಗಲೀನಾ ಸಾಲು ಸಾಲಾಗಿ ಮುಖಗಳನ್ನು ನೋಡಿದರು. ನನ್ನನ್ನೂ ನೋಡಿದರು. ನಾನು 'ಇಳಿಯಿರಿ' ಎಂದು ಕೈಸನ್ನೆ ಮಾಡಿದೆ. ಅವರು ಇಳಿದರು.

ಇಳಿದು ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತರು. ಕೂತು ಕೈ ಎತ್ತಿದರು.

"ನನಗೆ ಒಂದು ಪ್ರಶ್ನೆ ಇದೆ," ಎಂದರು, ಖಾಲಿ ವೇದಿಕೆಯನ್ನು ನೋಡುತ್ತಾ. "ನಿಮ್ಮ ದ್ರಾವಣ ತಣ್ಣಗಿತ್ತು. ನೀವು ಅಳೆದದ್ದು ಔಷಧಿಯನ್ನೋ ಐಸನ್ನೋ?"

ಎದ್ದರು. ಮತ್ತೆ ವೇದಿಕೆ ಹತ್ತಿದರು. ಮೈಕ್ ಹಿಡಿದು, ನಾನು ಕಲಿಸಿದ ಹಾಗೆಯೇ ನಕ್ಕು, "ದಟ್ಸ್ ಎ ಗ್ರೇಟ್ ಕ್ವೆಶ್ಚನ್" ಎಂದರು.

ಸಭೆ ಜೋರಾಗಿ ನಕ್ಕಿತು, ತಮಾಷೆ ಎಂದುಕೊಂಡು. ಅವರು ಕೊನೆಯ ಸ್ಲೈಡ್ ಹಾಕಿ, ನಾಲ್ಕು ಎಳೆಗಳು ಯಾಕೆ ಸಾಲವು, ತಮ್ಮ ತೀರ್ಮಾನ ಎಲ್ಲೆಲ್ಲಿ ಕುಸಿಯಬಹುದು ಎಂದು ಹನ್ನೆರಡು ನಿಮಿಷ ವಿವರಿಸಿದರು. ಎರಡನೇ ನಿಮಿಷಕ್ಕೆ ನಗು ನಿಂತಿತ್ತು. ಸ್ಯಾಂಡ್‌ವಿಚ್ ತಿನ್ನುವುದೂ ನಿಂತಿತ್ತು. ಕೊನೆಗೆ ಮುಖ್ಯಸ್ಥರು ಕೈ ಕುಲುಕಿ ಮತ್ತೆ 'ವಂಡರ್‌ಫುಲ್' ಎಂದರು. ಈ ಸಲದ 'ವಂಡರ್‌ಫುಲ್' ಬೇರೆ ಎಂದು ನನಗೆ ತಿಳಿಯಿತು.

ಡಲ್ಲಾಸ್ ಕಡೆ ಹೆದ್ದಾರಿ ಹಿಡಿಯುವವರೆಗೆ ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ.

"ಯಾರು ಕೇಳಿದ್ರು ನಿಮ್ಮನ್ನ?"

"ಯಾರೂ ಕೇಳಲಿಲ್ಲ. ಅದಕ್ಕೇ."

"ಆನ್ಯಾ ನೆನಪಾಗಲಿಲ್ವಾ ಒಂದು ಕ್ಷಣ?"

"ಇಡೀ ಹೊತ್ತು ಅವಳೇ ನೆನಪಿನಲ್ಲಿ ಇದ್ದಳು," ಎಂದರು ಗಲೀನಾ. ಕಿಟಕಿಯ ಕಡೆ ತಿರುಗಿದ್ದರು. "ನಲವತ್ತು ಜನ ಕೂತಿದ್ದರು, ವಿದ್ಯಾ ಶ್ರೀಧರೋವ್ನಾ. ಒಬ್ಬರಿಗಾದರೂ ಈ ತಪ್ಪು ಕಂಡಿರಬೇಕು. ಕಂಡೂ ಸುಮ್ಮನಿದ್ದರೆ ನನ್ನನ್ನು ಸತ್ತವಳು ಅಂದುಕೊಂಡಿದ್ದಾರೆ. ಕಾಣದೆ ಇದ್ದರೆ ಅವರ ಜೊತೆ ಕೆಲಸ ಮಾಡೋದು ಹೇಗೆ?"

"ಮೊದಲು ಕೆಲಸಕ್ಕೆ ಸೇರಬೇಕಿತ್ತು. ಆಮೇಲೆ ಬೇಕಾದಷ್ಟು ಕೇಳಬಹುದಿತ್ತು!"

"ಸೇರಿದ ಮೇಲೆ ಯಾರೂ ಕೇಳಲ್ಲ," ಎಂದರು.

 ಅವತ್ತಿನ ಡೈರಿಯಲ್ಲಿ 'ಮೂರ್ಖ ಹೆಂಗಸು' ಎಂದಿದೆ. ಅದನ್ನು ಹೊಡೆದುಹಾಕಿಲ್ಲ.

ಹತ್ತು ದಿನಕ್ಕೆ ಈಮೇಲ್ ಬಂತು. ಬಹಳ ಸಂತೋಷ, ಬಹಳ ಪ್ರಭಾವಿತರಾದೆವು, ದುರದೃಷ್ಟವಶಾತ್. ಗಲೀನಾ ಓದಿದರು, ಚಹಾ ಮುಗಿಸಿದರು, ಆಮೇಲೆ ನನ್ನನ್ನು ಕರೆದು ಔಷಧಿ ಇಲ್ಲದ ತಣ್ಣೀರಿನ ಪರೀಕ್ಷೆ ಮತ್ತೆ ಶುರು ಮಾಡೋಣ ಎಂದರು. ಬೇರೆ ಕೆಲಸ ಹುಡುಕಬೇಕಾದ ಏಪ್ರಿಲ್ ತಿಂಗಳೆಲ್ಲ ನಾವು ಅದನ್ನೇ ಮಾಡಿದೆವು. ನಾನು ದಿನಾ ಗೊಣಗುತ್ತಾ ಮಾಡಿದೆ. ಫಲಿತಾಂಶವೂ ನನ್ನನ್ನು ರೇಗಿಸಲೆಂದೇ ಬಂದ ಹಾಗಿತ್ತು. ನಾವು ಕಂಡಿದ್ದ ಬಲದಲ್ಲಿ ಹತ್ತಿರಹತ್ತಿರ ಅರ್ಧ ಚಳಿಯದು. ಉಳಿದ ಅರ್ಧ ಔಷಧಿಯದೇ, ಅನುಮಾನವಿಲ್ಲ. ಬಲದಲ್ಲಿ ಅರ್ಧ ಮಾತ್ರ ಔಷಧಿಯದು ಎಂದು ಗಲೀನಾ ಲೇಖನ ಬರೆದು ಕಳಿಸಿದರು. ಅದನ್ನು ಓದಿದ ಜರ್ಮನಿಯ ಒಂದು ಲ್ಯಾಬ್ ಅವರಿಗೆ ಎರಡು ವರ್ಷದ ಕೆಲಸ ಕೊಟ್ಟಿತು. ಜರ್ಮನಿ. ಆಸ್ಟಿನ್ ಅಲ್ಲ.

ಆನ್ಯಾ ಜೂನ್ 3ರಂದು ಲ್ಯಾಬಿಗೆ ಬಂದು ಫ್ರಿಜ್ ಮೇಲಿನ ನಕ್ಷೆಯನ್ನು ಕಿತ್ತು ಮಡಿಸಿದಳು. ತಾಯಿಯ ಜೊತೆ ಮಾತು ಬಿಟ್ಟಿದ್ದಳು. ನನಗೆ ಮಾತ್ರ ಇಂಗ್ಲಿಷಿನಲ್ಲಿ, "ನೀವೂ ಅಲ್ಲಿದ್ದಿರಿ. ಯಾಕೆ ತಡೀಲಿಲ್ಲ?" ಎಂದಳು. ಕೊನೆಯ ಸಾಲಿನಿಂದ ಕೈಸನ್ನೆ ಮಾಡಿದ್ದೆ ಎಂದು ಆ ಮಗುವಿಗೆ ಹೇಗೆ ಹೇಳಲಿ? ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆ ಗಲೀನಾ ತಮ್ಮ ಪದ್ಧತಿಯಂತೆ ಎಲ್ಲರನ್ನೂ ಒಂದು ನಿಮಿಷ ಸುಮ್ಮನೆ ಕೂರಿಸಿದರು. ಆನ್ಯಾ ನಿಂತೇ ಇದ್ದಳು.

ಸುರೇಶನ ಕೆಲಸ ಆಸ್ಟಿನ್‌ಗೆ ಶಿಫ್ಟ್ ಆಯಿತು, 2003ರಲ್ಲಿ ನಾನೂ ಅಲ್ಲಿನ ಒಂದು ಲ್ಯಾಬ್ ಸೇರಿದೆ. ಒಳ್ಳೆಯ ಜನ. ಪ್ರತಿ ಭಾಷಣಕ್ಕೂ ಚಪ್ಪಾಳೆ. ಐದು ವರ್ಷ ಡೈರಿಯಲ್ಲಿ ಲೆಕ್ಕ ಇಟ್ಟೆ. ನನ್ನ ಭಾಷಣಗಳಿಗೆ ಬಂದ ಪ್ರಶ್ನೆ ಒಟ್ಟು ಆರು, ಅದರಲ್ಲಿ ಎರಡು ಪಾರ್ಕಿಂಗ್ ಬಗ್ಗೆ. ಒಂದು ಸಲ ನನ್ನ ಎರಡನೇ ಸ್ಲೈಡ್‌ನಲ್ಲಿ ನಿಜವಾದ ತಪ್ಪೇ ಇತ್ತು. ಯಾರೂ ಎತ್ತಲಿಲ್ಲ. ಮನೆಗೆ ಬಂದು ಆ ಪ್ರಶ್ನೆಯನ್ನು ನಾನೇ ಡೈರಿಯಲ್ಲಿ ಬರೆದೆ.

2008ರ ಮೇ 30, ನನ್ನ ಬೀಳ್ಕೊಡುಗೆ. ಬೆಳಿಗ್ಗೆ ಹತ್ತಕ್ಕೆ ಭಾಷಣ, ಆಮೇಲೆ ಕೇಕ್. ಹಳೆಯ ಸಹೋದ್ಯೋಗಿಗಳಿಗೂ ಕೇಳಲಿ ಎಂದು ಮೇಜಿನ ಮೇಲೆ ಸ್ಪೀಕರ್ ಫೋನ್ ಇಟ್ಟಿದ್ದರು. ಅವರಿಗೆಲ್ಲ ಸ್ಲೈಡ್‌ಗಳನ್ನು ಮೊದಲೇ ಕಳಿಸಿದ್ದೆ. ಮಾತು ಮುಗಿಸಿದೆ. ಚಪ್ಪಾಳೆ, ವಂಡರ್‌ಫುಲ್, ಪ್ರಶ್ನೆಗಳಿವೆಯೇ, ಇಲ್ಲ. ಯಾರೋ ಕೇಕಿಗೆ ಚಾಕು ಹಾಕಿದರು.

ಫೋನ್ ಗರಗರ ಎಂದಿತು. "ವಿದ್ಯಾ ಶ್ರೀಧರೋವ್ನಾ, ಮೂರನೇ ಸ್ಲೈಡ್‌ಗೆ ವಾಪಸ್ ಹೋಗಿ."

ಕೋಣೆಯಲ್ಲಿದ್ದವರು ಫೋನನ್ನು ನೋಡಿದರು. ನಾನು ಹೋದೆ. ಮೂರನೆಯದು, ಐದನೆಯದು, ಮತ್ತೆ ಮೂರನೆಯದು. ಗಲೀನಾ ಪೆತ್ರೋವ್ನಾ ಆರು ವರ್ಷದ ಬಾಕಿಯನ್ನೆಲ್ಲ ಒಂದೇ ಬೆಳಿಗ್ಗೆ ಕೇಳಿದರು. ಕೇಕ್ ಮುಗಿಯಿತು, ಜನ ಒಬ್ಬೊಬ್ಬರಾಗಿ ಕೈ ಬೀಸಿ ಹೊರಗೆ ಹೋದರು. ನನಗೆ ಕಾಲು ನೋಯುತ್ತಿತ್ತು, ಹಸಿವಾಗಿತ್ತು, ನನ್ನದೇ ಬೀಳ್ಕೊಡುಗೆಯಲ್ಲಿ ನನಗೊಂದು ಚೂರು ಕೇಕ್ ಉಳಿದಿರಲಿಲ್ಲ.

"ಸಾಕಲ್ವಾ, ಗಲೀನಾ ಪೆತ್ರೋವ್ನಾ?"

"ನನ್ನದು ಸಾಕು," ಎಂದರು. "ಪಕ್ಕದಲ್ಲಿ ಆನ್ಯಾ ಇದ್ದಾಳೆ. ಈಗ ಇಲ್ಲೇ, ಜರ್ಮನಿಯಲ್ಲೇ, ಸಂಶೋಧನೆ ಮಾಡ್ತಿದ್ದಾಳೆ. ಅವಳಿಗೂ ಒಂದು ಇದೆಯಂತೆ."

ಫೋನ್ ಕೈ ಬದಲಾಯಿಸಿದ ಸದ್ದು. ಆಮೇಲೆ ಆ ಹುಡುಗಿಯ ದನಿ, ಈಗ ದೊಡ್ಡವಳದು, ಟೆಕ್ಸಸ್‌ನ ಎಳೆತ ಇನ್ನೂ ಬಿಡದ ಇಂಗ್ಲಿಷಿನಲ್ಲಿ: "ಹಲೋ ವಿದ್ಯಾ ಆಂಟಿ. ನಿಮ್ಮ ಶೀರ್ಷಿಕೆಯಿಂದಲೇ ಶುರು ಮಾಡಬಹುದಾ?"

ನಾನು ಕುರ್ಚಿ ಎಳೆದುಕೊಂಡು ಕೂತೆ, ಮೊದಲ ಸ್ಲೈಡ್ ಹಾಕಿದೆ.